ಹಳೆಯ ಬ್ರಯರ್ ಪೈಪುಗಳು: ಮನೆಯ ರಿಪೇರಿಗಳನ್ನು ಬಿಡಿಸುವ ಕೆಲಸದ ವರದಿ

ಚಿಕ್ಕಮಗಳೂರಿನ ಗುಜರಿ ಅಂಗಡಿಯೊಂದಕ್ಕೆ ಹಳೆಯ ತೋಟದ ಬಂಗಲೆಯ ಸಾಮಾನುಗಳ ಜೊತೆ ಬಂದಿದ್ದ ತಂಬಾಕಿನ ಪೈಪುಗಳ ಪೆಟ್ಟಿಗೆಯೊಂದನ್ನು ಕೊಂಡು, ಅವುಗಳನ್ನು ಸರಿಪಡಿಸುವ ಕೆಲಸವನ್ನು ಈ ಬೇಸಿಗೆಯಲ್ಲಿ ಆರಂಭಿಸಿದೆ. ನಾನು ಪೈಪು ಸೇದುವವನಲ್ಲ. ನನ್ನ ಆಸಕ್ತಿಯೆಲ್ಲ ಅದರ ಮರದ ಮೇಲೆ, ಮತ್ತು ಮರಕ್ಕೆ ರಬ್ಬರಿನ ಕೊಳವೆಯನ್ನು ಯಾವ ಅಂಟೂ ಇಲ್ಲದೆ, ಗಾಳಿ ನುಸುಳದಂತೆ, ಬೇಕೆಂದಾಗ ಬಿಚ್ಚಲು ಬರುವಂತೆ ಕೂರಿಸಿದ ಆ ಜೋಡಣೆಯ ಮೇಲೆ. ಪೆಟ್ಟಿಗೆಯಲ್ಲಿದ್ದವನ್ನು ಒಂದೊಂದಾಗಿ ನೋಡಿದಾಗ, ಬಳಸಿ ಸವೆದವು ಕಡಿಮೆ, ಯಾರೋ ಮನೆಯಲ್ಲಿ ಕೂತು ಉತ್ತಮಪಡಿಸಲು ಹೋಗಿ ಕೆಡಿಸಿದವೇ ಹೆಚ್ಚು ಎಂಬುದು ತಿಳಿಯಿತು. ಗಾಳಿ ಸರಿಯಾಗಿ ಎಳೆಯುವುದಿಲ್ಲವೆಂದು ರಂಧ್ರವನ್ನು ಕೊರೆದಿದ್ದರು. ನೇರವಾದ ಕೊಳವೆಯನ್ನು ಬಾಗಿಸಲು ನೋಡಿದ್ದರು. ಸಡಿಲವಾದ ಜೋಡಣೆಗೆ ನೂಲು ಸುತ್ತಿದ್ದರು. ಒಂದರ ಬಟ್ಟಲಿನ ತಳಕ್ಕೆ ಕೊಳಾಯಿಯ ಸೋರಿಕೆಗೆ ಹಚ್ಚುವ ಎಪಾಕ್ಸಿ ಪುಟ್ಟಿಯನ್ನೇ ಮೆತ್ತಿದ್ದರು. ಹೀಗಾಗಿ ನನ್ನ ಕೆಲಸ ಪೈಪಿನ ರಿಪೇರಿಯಾಗದೆ ರಿಪೇರಿಯ ರಿಪೇರಿಯಾಗಿ ಪರಿಣಮಿಸಿದೆ.

ಮುಂದೆ ಪದೇ ಪದೇ ಬರುವ ಭಾಗಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ತಂಬಾಕು ತುಂಬುವ ಭಾಗ ಬಟ್ಟಲು. ಅದರಿಂದ ಹೊರಟ ಮರದ ಭಾಗ ಕತ್ತು. ಬಾಯಿಗೆ ಇಡುವ ಭಾಗ ಕೊಳವೆ. ಕೊಳವೆಯ ಒಳತುದಿಯಲ್ಲಿ ಒಂದು ಸಣ್ಣ ದುಂಡು ಗೂಟವಿದ್ದು, ಅದು ಕತ್ತಿನ ಕುಳಿಯೊಳಗೆ ಬಿಗಿಯಾಗಿ ಕೂರುತ್ತದೆ. ಇವೆಲ್ಲದರ ನಡುವೆ ಹೊಗೆಯ ರಂಧ್ರ ಹಾದುಹೋಗುತ್ತದೆ. ಮನೆಯ ರಿಪೇರಿಯಲ್ಲಿ ಆಗುವ ಅನಾಹುತಗಳಲ್ಲಿ ಬಹುಪಾಲು ಗೂಟ ಮತ್ತು ಕುಳಿ ಕೂಡುವ ಆ ಒಂದಂಗುಲದೊಳಗೇ ಆಗುತ್ತವೆ.

ಏಪ್ರಿಲ್

ಮೊದಲು ಕೈಗೆತ್ತಿಕೊಂಡದ್ದು ಕತ್ತು ಸೀಳಿದ ಪೈಪನ್ನು. ಇದರ ಮರ ಬ್ರಯರ್. ಅಂದರೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆಗಿಡದ ಬೇರು ಮತ್ತು ಕಾಂಡ ಕೂಡುವಲ್ಲಿ ಊದಿಕೊಳ್ಳುವ ಗಂಟು. ಆ ಗಂಟನ್ನು ತುಂಡರಿಸಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸವನ್ನು ಹೊರಹಾಕಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ ಮೇಲೆಯೇ ಅದನ್ನು ಪೈಪಿಗೆ ಬಳಸುತ್ತಾರೆ. ಇಷ್ಟೆಲ್ಲ ಸಂಸ್ಕಾರ ಪಡೆದ ಮರವೂ ಕುಳಿಯ ಒಳಗಿನಿಂದ ಬರುವ ಒತ್ತಡವನ್ನು ತಡೆಯಲಾರದು. ಹಿಂದಿನ ಒಡೆಯರು ಸಡಿಲವಾದ ಗೂಟಕ್ಕೆ ಹೊಲಿಗೆಯ ನೂಲನ್ನು ಸುತ್ತಿ, ಅದರ ಮೇಲೆ ಸೂಪರ್ ಗ್ಲೂ ಸುರಿದು ಗಟ್ಟಿಮಾಡಿ, ಹಾಗೆಯೇ ಒಳಕ್ಕೆ ತುರುಕಿದ್ದರು. ಗೂಟ ಬೆಣೆಯಂತೆ ಕೆಲಸ ಮಾಡಿ ಕತ್ತನ್ನು ಉದ್ದಕ್ಕೆ ಸೀಳಿತ್ತು.

ಸಿಕ್ಕಿಕೊಂಡ ಕೊಳವೆಯನ್ನು ತಿರುಚಿ ಎಳೆದರೆ ಗೂಟ ಮುರಿಯುತ್ತದೆ. ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿ ಇಟ್ಟೆ. ತಣಿದಾಗ ರಬ್ಬರು ಮರಕ್ಕಿಂತ ಹೆಚ್ಚು ಕುಗ್ಗುವುದರಿಂದ ಕೊಳವೆ ತಾನಾಗಿ ಸಡಿಲಗೊಂಡಿತು. ಬಿರುಕು ಮುಂದೆ ಹರಿಯದಂತೆ ಅದರ ತುದಿಯಲ್ಲಿ 1 ಮಿ.ಮೀ. ತೂತನ್ನು ಕೊರೆಯುವುದು ಒಪ್ಪಿತ ಕ್ರಮ. ಇದಕ್ಕೂ ಮೊದಲು ಯಾರೋ ಹಾಗೆ ಒಂದು ತೂತನ್ನು ಕೊರೆದೇ ಇದ್ದರು. ಆದರೆ ಭೂತಗನ್ನಡಿಯಲ್ಲಿ ನೋಡಿದಾಗ, ಬಿರುಕು ಆ ತೂತನ್ನು ದಾಟಿ ಕೂದಲೆಳೆಯಷ್ಟು ಸಣ್ಣದಾಗಿ ಇನ್ನೂ ಮುಂದಕ್ಕೆ ಹೋಗಿರುವುದು ಕಂಡಿತು. ಬರಿಗಣ್ಣಿಗೆ ಕಾಣುವ ತುದಿ ನಿಜವಾದ ತುದಿಯಲ್ಲ. ಕತ್ತಿನ ಮೇಲೆ ಸ್ಪಿರಿಟ್ ಸವರಿ ಒರೆಸಿದರೆ ಬಿರುಕಿನೊಳಗೆ ಇಳಿದ ತೇವ ಕೊನೆಗೆ ಆರುತ್ತದೆ; ಆಗ ಗೆರೆ ಎಲ್ಲಿಯವರೆಗೆ ಇದೆ ಎಂಬುದು ಸ್ಪಷ್ಟವಾಗುತ್ತದೆ. ಸರಿಯಾದ ಜಾಗದಲ್ಲಿ ಮತ್ತೊಂದು ತೂತು ಕೊರೆದು, ತೆಳುವಾದ ಸೂಪರ್ ಗ್ಲೂ ಅನ್ನು ಬಿರುಕಿನೊಳಗೆ ಹರಿಸಿ, ಬಿಗಿಹಿಡಿದು ಒಣಗಿಸಿದೆ.

ಅಂಟೊಂದನ್ನೇ ನಂಬುವಂತಿಲ್ಲ, ಒನಕೆಯ ತುದಿ ಸೀಳದಂತೆ ಅಣಸು ಹಾಕುವ ಹಾಗೆ ಇಲ್ಲಿಯೂ ಲೋಹದ ಬಳೆ ಬೇಕು. ಊರಿನ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಕೊಳವೆಯಿಂದ ಒಂದು ಅಣಸನ್ನು ಕತ್ತರಿಸಿಕೊಂಡು ಬಂದೆ. ಅದರ ಒಳವ್ಯಾಸ ಕತ್ತಿಗಿಂತ ತುಸುವೇ ಕಡಿಮೆ ಇರಬೇಕು, ಮತ್ತು ಬಿಸಿಮಾಡಿ ಹಿಗ್ಗಿಸಿದಾಗ ಮಾತ್ರ ಒಳಗೆ ಹೋಗಬೇಕು. ಎಷ್ಟು ಬಿಸಿ ಎಂಬುದೇ ತೊಡಕು. ಕೆಂಪಗೆ ಕಾಯಿಸಿದ ಬಳೆ ಮರವನ್ನು ಸುಡುತ್ತದೆ; ಆ ಸುಟ್ಟ ಪದರ ಮುಂದೆ ಪುಡಿಯಾಗಿ ಬಳೆಯೇ ಸಡಿಲವಾಗುತ್ತದೆ. ಹೇರ್ ಡ್ರೈಯರಿನ ಶಾಖ ನನ್ನ ಅಳತೆಗೆ ಸಾಕಾಯಿತು. ಈ ಪೈಪಿನ ಕೆಲಸ ಮುಗಿದಿದೆ.

ಮೇ

ಎರಡನೆಯ ಪೈಪಿನ ಗೂಟ ಮುರಿದು ಕುಳಿಯೊಳಗೇ ಉಳಿದಿತ್ತು. ಮುರಿದ ತುಂಡಿನ ರಂಧ್ರಕ್ಕೆ ಮರಕ್ಕೆ ಹಾಕುವ ಲೋಹದ ಸ್ಕ್ರೂ ಒಂದನ್ನು ಒಂದೆರಡು ಸುತ್ತು ಮಾತ್ರ ತಿರುಗಿಸಿ ನೇರವಾಗಿ ಎಳೆಯಬೇಕು. ಸ್ಕ್ರೂ ಚೆನ್ನಾಗಿ ಹಿಡಿಯಲಿ ಎಂದು ಇನ್ನೂ ತಿರುಗಿಸಿದರೆ ಗೂಟ ಹಿಗ್ಗಿ, ಮತ್ತೆ ಅದೇ ಕತ್ತು ಸೀಳುವ ಕಥೆ. ತುಂಡು ಸುಲಭವಾಗಿ ಹೊರಬಂತು.

ಹೊಸ ಗೂಟಕ್ಕೆ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸರಳನ್ನು ಬೆಂಗಳೂರಿನಿಂದ ತರಿಸಿದೆ. ಡೆಲ್ರಿನ್ ಎಂಬ ಹೆಸರಿನಿಂದ ಇದನ್ನು ಬಲ್ಲವರು ಹೆಚ್ಚು. ಜಾರುವ ಗುಣ, ಸವೆಯದ ಗುಣ, ಶಾಖವನ್ನು ಸಾಕಷ್ಟು ತಡೆಯುವ ಗುಣ ಮೂರೂ ಇರುವುದರಿಂದ ಗೂಟಕ್ಕೆ ಇದು ಹೇಳಿ ಮಾಡಿಸಿದ ವಸ್ತು. ಆದರೆ ಯಾವ ಗುಣದಿಂದ ಇದು ಕುಳಿಯೊಳಗೆ ನಯವಾಗಿ ಜಾರುತ್ತದೋ ಅದೇ ಗುಣದಿಂದ ಅಂಟನ್ನೂ ಹತ್ತಿರ ಸೇರಿಸುವುದಿಲ್ಲ. ನಯವಾದ ಸರಳಿಗೆ ಅಂಟು ಸವರಿ ಕೂರಿಸಿದರೆ ಕೆಲವು ಸಲ ತೆಗೆದು ಹಾಕುವಷ್ಟರಲ್ಲಿ ಅದು ಕಳಚಿಕೊಳ್ಳುತ್ತದೆ. ಕೊಳವೆಯಲ್ಲಿ ಕೊರೆದ ತೂತಿನೊಳಗೆ ಹೋಗುವ ಭಾಗಕ್ಕೆ ಅರದಿಂದ ಸುತ್ತಲೂ ಕಚ್ಚುಗಳನ್ನು ಮಾಡಬೇಕು. ಅಂಟು ಆ ಕಚ್ಚುಗಳಲ್ಲಿ ಗಟ್ಟಿಯಾಗಿ ಸರಳನ್ನು ಯಾಂತ್ರಿಕವಾಗಿ ಹಿಡಿದಿಡುತ್ತದೆ.

ಕಚ್ಚುಗಳನ್ನೇನೋ ಮಾಡಿದೆ, ಅಂಟಿನ ಆಯ್ಕೆಯಲ್ಲಿ ಕೆಟ್ಟೆ. ಸೂಪರ್ ಗ್ಲೂ ಹಚ್ಚಿ ಒತ್ತಿದಾಗ ಸರಳು ಅರ್ಧದಷ್ಟು ಒಳಗೆ ಹೋಗಿ ಅಲ್ಲಿಯೇ ಕಲ್ಲಾಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊಳವೆಯ ಬಿಗಿಯಾದ ತೂತಿನಲ್ಲಿ ಅಂಟು ತೆಳುವಾಗಿ ಹರಡಿದಾಗ ಬಾಟಲಿಯ ಮೇಲೆ ಬರೆದ ಸಮಯಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಸರಳನ್ನು ಕತ್ತರಿಸಿ, ಒಳಗೆ ಉಳಿದದ್ದನ್ನು ಮತ್ತೆ ಕೊರೆದು ತೆಗೆಯಬೇಕಾಯಿತು. ಈಗ ನಿಧಾನವಾಗಿ ಒಣಗುವ ಎಪಾಕ್ಸಿಯನ್ನೇ ಬಳಸುತ್ತೇನೆ, ಮತ್ತು ಅಂಟು ರಂಧ್ರಕ್ಕೆ ಇಳಿಯದಂತೆ ವ್ಯಾಸಲಿನ್ ಸವರಿದ ಪೈಪ್ ಕ್ಲೀನರನ್ನು (ನಾರು ಹೆಣೆದ, ಬಾಗುವ ತೆಳು ತಂತಿ) ಉದ್ದಕ್ಕೂ ತೂರಿಸಿ, ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಅದನ್ನು ಎಳೆದು ತೆಗೆಯುತ್ತೇನೆ.

ಕೊರೆಯುವ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೆಟ್ಟಿಗೆಯಲ್ಲಿದ್ದ ಅತಿ ಕೆಟ್ಟ ಹಾನಿ ಆಗಿರುವುದು ಕೈ ಡ್ರಿಲ್ಲಿನಿಂದ. ಹಳೆಯ ಪೈಪುಗಳಲ್ಲಿ ರಂಧ್ರ ಸುಮಾರು 3ರಿಂದ 3.5 ಮಿ.ಮೀ. ಇರುವುದುಂಟು, ಹವ್ಯಾಸಿಗಳು ಅದನ್ನು 4 ಮಿ.ಮೀ.ಗೆ ಏರಿಸಲು ಬಯಸುತ್ತಾರೆ. ಬಯಕೆಗೆ ಕಾರಣವಿದೆ: ವ್ಯಾಸ 3ರಿಂದ 4ಕ್ಕೆ ಏರಿದರೆ ರಂಧ್ರದ ವಿಸ್ತೀರ್ಣ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುತ್ತದೆ, ಗಾಳಿಯ ತಡೆ ಅದಕ್ಕಿಂತಲೂ ವೇಗವಾಗಿ ಇಳಿಯುತ್ತದೆ. ಆದರೆ 6 ಮಿ.ಮೀ. ದಪ್ಪದ ಗೂಟದಲ್ಲಿ 3 ಮಿ.ಮೀ. ರಂಧ್ರವಿದ್ದಾಗ ಸುತ್ತಲೂ 1.5 ಮಿ.ಮೀ. ಗೋಡೆ ಉಳಿಯುತ್ತದೆ, 4ಕ್ಕೆ ಕೊರೆದರೆ 1 ಮಿ.ಮೀ. ಮಾತ್ರ, ಅದೂ ಡ್ರಿಲ್ಲಿನ ಬಿಟ್ (ಕೊರೆಯುವ ಮೊಳೆ) ನಟ್ಟನಡುವೆ ಹೋದರೆ. ಕಾಲು ಮಿ.ಮೀ. ಅತ್ತಿತ್ತ ಸರಿದರೂ ಒಂದು ಬದಿ ಕಾಗದದ ಹಾಗಾಗುತ್ತದೆ. ಪೆಟ್ಟಿಗೆಯ ಬಾಗಿದ ಪೈಪೊಂದರಲ್ಲಿ ಯಾರೋ ಕುಳಿಯ ಮೂಲಕ ಉದ್ದನೆಯ ಬಿಟ್ ಹಾಕಿ ರಂಧ್ರವನ್ನು ದೊಡ್ಡದು ಮಾಡಲು ಹೋಗಿದ್ದಾರೆ. ಬಾಗಿದ ಪೈಪಿನಲ್ಲಿ ಕುಳಿಯ ನೇರವೂ ರಂಧ್ರದ ನೇರವೂ ಒಂದೇ ಆಗಿರಬೇಕಿಲ್ಲ. ಬಿಟ್ ತನ್ನ ದಾರಿಯನ್ನು ತಾನೇ ಹಿಡಿದು ಬಟ್ಟಲಿನ ತಳವನ್ನು ಸೀಳಿ ಹೊರಬಂದಿದೆ. ಆ ಪೈಪಿಗೆ ನನ್ನಲ್ಲಿ ಮದ್ದಿಲ್ಲ. ಅದನ್ನು ಬಣ್ಣಗಳನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದೇನೆ.

ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಬಿಟ್ಟನ್ನು ಯಂತ್ರಕ್ಕೆ ಹಾಕದೆ ಸಣ್ಣ ಕೈಹಿಡಿಗೆ ಸಿಕ್ಕಿಸಿ ಬೆರಳುಗಳಿಂದಲೇ ತಿರುಗಿಸುತ್ತೇನೆ. 3.2, 3.5, 3.8 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೇನೆ, ಏಕೆಂದರೆ ಸ್ವಲ್ಪವೇ ದೊಡ್ಡದಾದ ಬಿಟ್ ಹಳೆಯ ರಂಧ್ರವನ್ನೇ ಹಿಂಬಾಲಿಸುತ್ತದೆ. ಹಲವು ಸಲ ಇದರ ಅಗತ್ಯವೇ ಬೀಳುವುದಿಲ್ಲ. ಗಾಳಿ ಎಳೆಯದ ಪೈಪುಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿರುವುದು ಕೊರೆತವಲ್ಲ, ದಶಕಗಳ ತಂಬಾಕಿನ ಹೊಗೆಯಿಂದ ಕಟ್ಟಿದ ಡಾಂಬರನ್ನು ತೆಗೆಯುವುದು.

ಆ ಡಾಂಬರನ್ನು ತೆಗೆಯುವ ಬಗೆಯಲ್ಲಿಯೂ ಒಂದು ಅಪಾಯವಿದೆ. ಬಟ್ಟಲಿಗೆ ಉಪ್ಪು ತುಂಬಿ ಆಲ್ಕೊಹಾಲ್ ಸುರಿದು ರಾತ್ರಿಯಿಡೀ ಬಿಡುವ ಪದ್ಧತಿ ಹವ್ಯಾಸಿಗಳಲ್ಲಿ ಬಹಳ ಜನಪ್ರಿಯ. ಉಪ್ಪು ಕತ್ತಿನೊಳಗೂ ಇಳಿದರೆ ಅಲ್ಲಿನ ಮರ ಬಿರಿಯುವ ಅಪಾಯವಿದೆ ಎಂದು ಅನುಭವಿಗಳು ಎಚ್ಚರಿಸುತ್ತಾರೆ. ನಾನು ಹತ್ತಿಯನ್ನು ಬಳಸಿದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಹತ್ತಿ ಬೆಳಗಾಗುವಷ್ಟರಲ್ಲಿ ಕಾಫಿ ಬಣ್ಣಕ್ಕೆ ತಿರುಗಿತ್ತು.

ಜೂನ್

ಕೊಳವೆಗಳ ಸರದಿ. ಒಂದನ್ನು ಬಿಟ್ಟರೆ ಇವೆಲ್ಲ ಎಬೊನೈಟ್, ಅಂದರೆ ಸಾಮಾನ್ಯ ರಬ್ಬರಿಗೆ ಬೆರೆಸುವುದಕ್ಕಿಂತ ಬಹಳ ಹೆಚ್ಚು ಗಂಧಕವನ್ನು ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು. 1851ರಲ್ಲಿ ನೆಲ್ಸನ್ ಗುಡ್‌ಇಯರ್ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಬೆಳಕು ಮತ್ತು ತೇವ ತಾಗಿದಂತೆ ಇದರ ಮೇಲ್ಮೈ ಕಪ್ಪು ಬಣ್ಣ ಕಳೆದುಕೊಂಡು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದರೆ ಗಂಧಕದ ವಾಸನೆ ಮನೆಯೆಲ್ಲ ಹರಡುತ್ತದೆ. ಹಾಗಾಗಿ ಈ ಕೆಲಸವನ್ನು ಹಿತ್ತಲಿನ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಮಾಡಿದೆ. ಒಣ ಪುಡಿ ಗಾಳಿಗೆ ಏಳದಿರಲು ಇದೇ ಉಪಾಯ.

ಎಬೊನೈಟಿಗೆ ತನ್ನ ಮೊದಲ ಆಕಾರದ ನೆನಪಿರುತ್ತದೆ. ಹಲ್ಲಿನ ಗುರುತು ಬಿದ್ದ ತುದಿಯನ್ನು ಬಿಸಿನೀರಿನಲ್ಲಿ ಇಟ್ಟರೆ ತಗ್ಗುಗಳು ತಾವಾಗಿ ಮೇಲೇಳುತ್ತವೆ. ಅಂಟು ತುಂಬಿ ಉಜ್ಜುವ ಕೆಲಸ ಎಷ್ಟೋ ತಪ್ಪುತ್ತದೆ. ಆದರೆ ಅದೇ ನೆನಪು ಬಾಗಿದ ಕೊಳವೆಗೆ ಮುಳುವು. ನೇರವಾಗಿ ತಯಾರಾಗಿ ನಂತರ ಬಾಗಿಸಿದ ಕೊಳವೆಯನ್ನು ಪೂರ್ತಿಯಾಗಿ ಕುದಿವ ನೀರಿಗೆ ಹಾಕಿದರೆ ಅದು ಮತ್ತೆ ನೇರವಾಗಿಬಿಡುತ್ತದೆ. ತುದಿಯನ್ನು ಮಾತ್ರ ಮುಳುಗಿಸಬೇಕು.

ಪೆಟ್ಟಿಗೆಯ ಒಂದು ಕೊಳವೆಯನ್ನು ಯಾರೋ ಬೆಂಕಿಯ ಮೇಲೆ ಹಿಡಿದು ಬಾಗಿಸಿದ್ದರು. ಹೊರಗೆ ಗುಳ್ಳೆಗಳೆದ್ದು, ಒಳಗಿನ ರಂಧ್ರ ಬಾಗಿದ ಕಡೆ ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು. ಹೇರ್ ಡ್ರೈಯರಿನಿಂದ ನಿಧಾನವಾಗಿ ಕಾಯಿಸಿ, ಮೆತ್ತಗಾದ ಮೇಲೆ ಮೊದಲು ತೆಳುವಾದ, ನಂತರ ದಪ್ಪನೆಯ ಪೈಪ್ ಕ್ಲೀನರುಗಳನ್ನು ತೂರಿಸಿ ರಂಧ್ರವನ್ನು ತೆರೆದೆ. ಗಾಳಿ ಈಗ ಹಾಯುತ್ತದೆ. ಗುಳ್ಳೆಗಳ ಕಲೆ ಪೂರ್ತಿ ಹೋಗಿಲ್ಲ, ಇನ್ನೂ ಉಜ್ಜಿದರೆ ಕೊಳವೆಯೇ ಸಣ್ಣದಾಗುತ್ತದೆ ಎಂದು ಅಲ್ಲಿಗೇ ಬಿಟ್ಟೆ. ಉಜ್ಜುವ ಉತ್ಸಾಹದಲ್ಲಿ ಗೂಟದ ಬುಡದ ಅಂಚು ದುಂಡಗಾಗುವುದು ಇನ್ನೊಂದು ಸಾಮಾನ್ಯ ಅನಾಹುತ: ಕೊಳವೆಯೂ ಕತ್ತೂ ಕೂಡುವಲ್ಲಿ ಉಗುರು ಸಿಕ್ಕುವಂಥ ಸಂದು ಉಂಟಾಗುತ್ತದೆ. ಕೊಳವೆಯನ್ನು ಕತ್ತಿಗೆ ಜೋಡಿಸಿಯೇ ಉಜ್ಜಿದರೆ, ಅಥವಾ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಉಜ್ಜಿದರೆ, ಇದು ತಪ್ಪುತ್ತದೆ.

ಎಪಾಕ್ಸಿ ಪುಟ್ಟಿ ಮೆತ್ತಿದ ಬಟ್ಟಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಬಾಕಿನ ಕೆಂಡದ ಶಾಖ ನೂರಾರು ಡಿಗ್ರಿ ಮುಟ್ಟುವುದರಿಂದ ಅಲ್ಲಿ ಎಪಾಕ್ಸಿ ಸುಟ್ಟು ವಿಘಟನೆಗೊಂಡು ವಿಷದ ಹೊಗೆಯಾಗುತ್ತದೆ. ಒಳಗೋಡೆಗೆ ಇದನ್ನು ಬಳಸುವುದು ಶುದ್ಧ ಅವಿವೇಕ. ಸಣ್ಣ ಉಳಿಯಿಂದ ಕೆರೆದು ತೆಗೆದಿದ್ದೇನೆ. ತಳವನ್ನು ಎತ್ತರಿಸಲೇಬೇಕಾದರೆ ಚುಟ್ಟಾದ ಬೂದಿಯನ್ನು ನೀರಿನಲ್ಲಿ ಕಲಸಿದ ಹಳೆಯ ಲೇಪವೇ ಸಾಕು.

ಮೇಲ್ಮೈಯ ಹೊಳಪಿನಲ್ಲಿಯೂ ಇಂಥದೇ ಪ್ರಮಾದ ಕಂಡಿತು. ಒಂದು ಪೈಪಿಗೆ ಮೇಜು ಕುರ್ಚಿಗೆ ಹಚ್ಚುವ ಅರಗಿನ ಪಾಲಿಶ್ ಹೊಡೆದಿದ್ದರು. ಚನ್ನಪಟ್ಟಣದ ಕುಶಲಕರ್ಮಿಗಳ ಕೈಯಲ್ಲಿ ಆಲೆ ಮರದ ಬೊಂಬೆಯ ಮೇಲೆ ಅರಗು ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದನ್ನು ನಾವೆಲ್ಲ ಬಲ್ಲೆವು. ಲೇತಿನ ಮೇಲೆ ತಿರುಗುವ ಮರದ ಉಜ್ಜಾಟದ ಬಿಸಿಗೇ ಅರಗು ಕರಗಿ ಹರಡುತ್ತದೆ ಎಂಬುದೇ ಅಲ್ಲಿನ ಕಸುಬಿನ ಮೂಲ. ಹಾಗೆ ಸುಲಭವಾಗಿ ಮೆತ್ತಗಾಗುವ ವಸ್ತುವನ್ನು ಒಳಗೆ ಕೆಂಡವಿರುವ ಬಟ್ಟಲಿಗೆ ಹಚ್ಚಿದರೆ ಗುಳ್ಳೆ ಏಳದೆ ಇನ್ನೇನು? ಸ್ಪಿರಿಟ್‌ನಿಂದ ಒರೆಸಿ ತೆಗೆದು, ಕಾರ್ನೌಬಾ ಮೇಣವನ್ನು ತೆಳುವಾಗಿ ಉಜ್ಜಿದೆ. ಇದು 80 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗುವ ಮೇಣವಾದ್ದರಿಂದ ಕೈಯ ಬಿಸಿಗೆ ಅಂಟಂಟಾಗುವುದಿಲ್ಲ. ಉಜ್ಜುವಾಗ ಕತ್ತಿನ ಮೇಲಿನ ಮುದ್ರೆಯ ಅಕ್ಷರಗಳಿಗೆ ಟೇಪ್ ಅಂಟಿಸಿದ್ದೆ. ಪೈಪಿನ ಊರನ್ನು ಹೇಳುವ ಗುರುತು ಅದೊಂದೇ.

ಜುಲೈ

ಮಳೆ ಹಿಡಿದ ಮೇಲೆ ಕೆಲಸದ ವೇಗ ತಗ್ಗಿದೆ. ಏಪ್ರಿಲ್‌ನಲ್ಲಿ ಸಲೀಸಾಗಿ ಒಳಗೆ ಹೋಗುತ್ತಿದ್ದ ಗೂಟಗಳು ಈಗ ಅರ್ಧಕ್ಕೇ ನಿಲ್ಲುತ್ತಿವೆ. ಮರ ಗಾಳಿಯ ತೇವ ಕುಡಿದು ಕುಳಿಗಳು ಬಿಗಿದಿವೆ. ಈಗ ಬಿಗಿಯೆಂದು ಗೂಟವನ್ನು ಉಜ್ಜಿ ಸಣ್ಣದು ಮಾಡಿದರೆ ಮಾರ್ಚ್ ತಿಂಗಳ ಒಣಹವೆಗೆ ಅದು ಸಡಿಲವಾಗಿ ಬೀಳುವುದು ಖಂಡಿತ. ಬಹುಶಃ ಆ ನೂಲಿನ ಸುತ್ತಿನ ಹಿಂದೆಯೂ ಇಂಥದೇ ಒಂದು ಮಳೆಗಾಲವಿರಬೇಕು. ಗೂಟಗಳಿಗೆ ಪೆನ್ಸಿಲ್ಲಿನ ಸೀಸದ ಪುಡಿಯನ್ನು ಸವರಿ, ಕೊಳವೆಗಳನ್ನು ಬಿಚ್ಚಿ ಬೇರೆಯಾಗಿಯೇ ಇಟ್ಟಿದ್ದೇನೆ.

ಉಳಿದಿರುವುದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಕತ್ತಿನ ಮೇಲೆ ‘ಸೇಂಟ್ ಕ್ಲೋಡ್’ ಎಂಬ ಮುದ್ರೆಯಿರುವ ಪೈಪು. ಫ್ರಾನ್ಸಿನ ಜೂರಾ ಬೆಟ್ಟಗಳ ಈ ಊರಿನಲ್ಲಿ ಬ್ರಯರ್ ಪೈಪಿನ ಕಸುಬು 19ನೆಯ ಶತಮಾನದ ಮಧ್ಯದಲ್ಲಿ ಬೇರೂರಿತು. ಇದರ ಮರಕ್ಕೆ ಯಾರ ಕೈಯೂ ತಾಗಿಲ್ಲ. ಮೂಲ ಕೊಳವೆ ಮಾತ್ರ ಕಳೆದುಹೋಗಿದೆ, ಬದಲಿಗೆ ಬೇರೆ ಪೈಪಿನ ಅಕ್ರಿಲಿಕ್ ಕೊಳವೆಯೊಂದನ್ನು ಅರದಿಂದ ಕೆತ್ತಿ ಸಿಕ್ಕಿಸಿದ್ದಾರೆ. ಹೊಸ ಕೊಳವೆಯನ್ನು ಎಬೊನೈಟ್ ಸರಳಿನಿಂದಲೇ ಮಾಡಿಸಬೇಕೆಂದಿದ್ದೇನೆ. ಆಂಧ್ರದ ರಾಜಮಂಡ್ರಿಯಂಥ ಕಡೆ ಕೈಯಿಂದ ಎಬೊನೈಟ್ ಪೆನ್ನು ಮಾಡುವವರು ಇಂದಿಗೂ ಇರುವುದರಿಂದ ನಮ್ಮಲ್ಲಿ ಈ ಸರಳಿಗೆ ಬರವಿಲ್ಲ. ಪೆನ್ನಿನ ಕೆಲಸ ಬಲ್ಲ ಪರಿಚಿತರೊಬ್ಬರ ಮೂಲಕ ಹೇಳಿಕಳಿಸಿದ್ದೇನೆ. ಗೂಟದ ಅಳತೆಯನ್ನು ಮಾತ್ರ ಈಗ ಕೊಟ್ಟಿಲ್ಲ. ಮಳೆ ಕಳೆದು, ಡಿಸೆಂಬರಿನ ಹೊತ್ತಿಗೆ ಮರ ಒಣಗಿದ ಮೇಲೆ ವರ್ನಿಯರ್ ಕ್ಯಾಲಿಪರಿನಿಂದ ಕುಳಿಯನ್ನು ಅಳೆದು ಕಳಿಸುತ್ತೇನೆ.