ನ್ಯೂಜಿಲೆಂಡ್‌ನಲ್ಲಿ ಚಳಿ ಇರುವುದು ಮನೆಯೊಳಗೆ

ವೆಲ್ಲಿಂಗ್ಟನ್, ಆಕ್ಲೆಂಡ್ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಚಳಿಗಾಲ. ಹಿಮ ಬೀಳುವುದು ಅಪರೂಪ, ಹೊರಗಿನ ಚಳಿಗೆ ಒಂದು ಜಾಕೆಟ್ ಸಾಕು. ಕಾಡುವುದು ಮಲಗುವ ಕೋಣೆ. ಇಲ್ಲಿ ಹೊಸ ಮನೆಗಳಿಗೆ ಇನ್ಸುಲೇಷನ್, ಅಂದರೆ ಒಳಗಿನ ಬಿಸಿ ಹೊರಹೋಗದಂತೆ ತಡೆಯುವ ಪದರ, ಕಡ್ಡಾಯವಾದದ್ದೇ 1978ರಲ್ಲಿ. ಅದಕ್ಕಿಂತ ಹಳೆಯ ಮರದ ಮನೆಗಳು ಈಗಲೂ ಬಾಡಿಗೆಗೆ ಸಿಗುತ್ತವೆ.

ಒಟಾಗೊ ವಿಶ್ವವಿದ್ಯಾಲಯದ ಫಿಲಿಪಾ ಹೌಡನ್-ಚಾಪ್ಮನ್ ಅವರ ತಂಡ 1,350 ಮನೆಗಳನ್ನು ಆರಿಸಿ, ಅರ್ಧದಷ್ಟಕ್ಕೆ ಮೊದಲು ಇನ್ಸುಲೇಷನ್ ಹಾಕಿಸಿತು, ಉಳಿದವಕ್ಕೆ ಆಮೇಲೆ. 2007ರಲ್ಲಿ ಬಂದ ಫಲಿತಾಂಶ ನೋಡಿ: ಮಲಗುವ ಕೋಣೆ ಬೆಚ್ಚಗಾದದ್ದು ಸುಮಾರು ಅರ್ಧ ಡಿಗ್ರಿ ಅಷ್ಟೆ. ಆದರೂ ಎದೆಯ ಗೊರಗೊರ, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸಕ್ಕೆ ರಜೆ ಹಾಕುವುದು ಎಲ್ಲವೂ ಇಳಿದಿತ್ತು. ತೇವವೂ ತಗ್ಗಿತ್ತು, ಅದು ಮುಖ್ಯ.

ಏಕೆಂದರೆ ಬೂಷ್ಟಿಗೆ ಬೇಕಾದದ್ದು ತಣ್ಣನೆಯ ಗೋಡೆ ಮತ್ತು ನೀರಾವಿ. ಬೀರುವಿನ ಹಿಂದೆ, ಹಾಸಿಗೆಯ ಕೆಳಗೆ ಕಪ್ಪು ಚುಕ್ಕೆ ಮೊದಲು ಕಾಣುವುದು ಅಲ್ಲಿ ಗಾಳಿಯಾಡದ್ದರಿಂದ. ನಮ್ಮವರ ಮನೆಯಲ್ಲಿ ಅನ್ನ, ಸಾರು ಕುದಿಯುವ ಆವಿ ಜಾಸ್ತಿ. ಹೊರಗೆ ಮಳೆಯೆಂದು ಬಟ್ಟೆಯನ್ನೂ ಒಳಗೇ ಒಣಹಾಕುತ್ತಾರೆ. ಇದೆಲ್ಲಕ್ಕಿಂತ ಕೆಟ್ಟದ್ದು ಸಿಲಿಂಡರ್ ಇಟ್ಟುಕೊಂಡು ಉರಿಸುವ, ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಯಲ್ಲೇ ಉಳಿಯುತ್ತದೆ, ಜೊತೆಗೆ ಶ್ವಾಸಕೋಶವನ್ನು ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಅನಿಲ. ಉಬ್ಬಸದ ಮಗುವಿರುವ ಮನೆಗೆ ಇದು ಬೇಡವೇ ಬೇಡ.

ಬಾಡಿಗೆ ಮನೆಯ ಬಿಸಿ, ತೇವ, ಗಾಳಿಯಾಟಕ್ಕೆ ಸರ್ಕಾರ ಮಾಡಿದ ನಿಯಮದ ಹೆಸರು ಹೆಲ್ತಿ ಹೋಮ್ಸ್; ಕರಾರಿಗೆ ಸಹಿ ಹಾಕುವ ಮುನ್ನ ಅದರ ಬಗ್ಗೆ ಮಾಲೀಕರು ಕೊಡುವ ಹೇಳಿಕೆಯನ್ನು ಓದಿ. ಖಾಸಗಿ ಬಾಡಿಗೆ ಮನೆಗಳೆಲ್ಲ 2025ರ ಜುಲೈ 1ರೊಳಗೆ ಈ ನಿಯಮಕ್ಕೆ ಒಳಪಡಬೇಕಿತ್ತು. ಹಾಲ್‌ನಲ್ಲಿ 18 ಡಿಗ್ರಿಗೆ ಏರಿಸಬಲ್ಲ, ಗೋಡೆಗೋ ನೆಲಕ್ಕೋ ಕೂರಿಸಿದ ಹೀಟರ್ ಇರಬೇಕು, ಹಾಲ್‌ಗೆ ಎಷ್ಟು ಶಕ್ತಿಯ ಹೀಟರ್ ಬೇಕೆಂಬ ಲೆಕ್ಕದಲ್ಲಿ 2.4 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಕೆಂದು ಬಂದರೆ ಸಾದಾ ಎಲೆಕ್ಟ್ರಿಕ್ ಹೀಟರ್ ಸಾಮಾನ್ಯವಾಗಿ ಸಾಲದು, ಹೀಟ್ ಪಂಪ್ (ಕೋಣೆಯನ್ನು ಬಿಸಿ ಮಾಡುವ, ಎ.ಸಿ.ಯಂಥ ಯಂತ್ರ) ಕೇಳಿ. ಹೊರಗೆ ಗಾಳಿ ಬಿಡುವ ಫ್ಯಾನ್ ಅಡುಗೆಮನೆ, ಬಚ್ಚಲುಮನೆ ಎರಡರಲ್ಲೂ ಇರಬೇಕು. ಮರದ ನೆಲದ ಅಡಿ ಮುಚ್ಚಿದ್ದರೆ ಮಣ್ಣಿನ ಮೇಲೆ ಪಾಲಿಥೀನ್ ಹಾಳೆ ಹಾಸಿದೆಯೇ ಎಂದು ವಿಚಾರಿಸಿ. ನೆಲದ ತೇವ ಅಲ್ಲಿಂದಲೇ ಏರುವುದು. ಬಿಸಿಲು ಬೇಕಾದರೆ ಕಿಟಕಿ ಉತ್ತರಕ್ಕಿರಲಿ, ಇದು ದಕ್ಷಿಣಾರ್ಧಗೋಳ.

ಮಾಲೀಕರು ಸರಿಪಡಿಸದಿದ್ದರೆ 14 ದಿನಗಳ ಲಿಖಿತ ನೋಟಿಸ್ ಕೊಡಿ, ಆಮೇಲೆ ಬಾಡಿಗೆ ತಕರಾರು ತೀರ್ಮಾನಿಸುವ ಟೆನೆನ್ಸಿ ಟ್ರಿಬ್ಯುನಲ್‌ಗೆ ಹೋಗಿ. ದೂರು ಕೊಟ್ಟದ್ದಕ್ಕಾಗಿ ಮನೆ ಬಿಡಿಸುವಂತಿಲ್ಲ; ಫೋಟೊಗಳನ್ನು ತಾರೀಖಿನ ಸಮೇತ ಇಟ್ಟುಕೊಂಡಿರಿ.