ಏರುಪೇರಿನ ಕಾದಂಬರಿ, ಆದರೂ ಬಿಡಲಾಗಲಿಲ್ಲ

ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ಹವಾಮಾನ ಬದಲಾವಣೆಯ ಕಾದಂಬರಿ 'ದ ಮಿನಿಸ್ಟ್ರಿ ಫಾರ್ ದ ಫ್ಯೂಚರ್' (2020) ಅಂತೂ ಓದಿ ಮುಗಿಸಿದೆ. ಮೊದಲ ಅಧ್ಯಾಯವೇ ಎದೆ ಹಿಂಡಿತು. ಉತ್ತರ ಪ್ರದೇಶದ ಒಂದು ಊರು, ಬಿಸಿಗಾಳಿ, ಕರೆಂಟ್ ಇಲ್ಲ. ಜನ ತಂಪಿಗೆಂದು ಕೆರೆಗೆ ಇಳಿಯುತ್ತಾರೆ. ಆ ನೀರೂ ಮೈಗಿಂತ ಬಿಸಿ.

ಇದು ಬರೀ ಕಲ್ಪನೆ ಅಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 35 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಬೆವರಿದರೂ ಮೈ ತಣಿಯುವುದಿಲ್ಲ. ನೆರಳಲ್ಲಿ ಸುಮ್ನೆ ಕೂತ ಗಟ್ಟಿಮುಟ್ಟಾದವರೂ ಕೆಲವೇ ಗಂಟೆಗಳಲ್ಲಿ ಸಾಯಬಹುದು. ನಿಜವಾದ ಮಿತಿ ಇನ್ನೂ ಕೆಳಗಿದೆ ಎಂದು ಈಚಿನ ಪ್ರಯೋಗಗಳು ಹೇಳುತ್ತಿವೆ. ವಯಸ್ಸಾದವರಿಗೆ, ಬಿಸಿಲಲ್ಲೇ ದುಡಿಯುವವರಿಗೆ ಅಪಾಯ ಅದಕ್ಕೂ ಮೊದಲೇ ಶುರು.

ಆಮೇಲೆ ಪುಸ್ತಕ ಎಲ್ಲೆಲ್ಲೋ ಹೋಗುತ್ತದೆ. ಜ್ಯೂರಿಕ್‌ನ ಸಭೆಗಳು, ಕೇಂದ್ರ ಬ್ಯಾಂಕುಗಳು, ಇಂಗಾಲ ಗಾಳಿಗೆ ಸೇರದಂತೆ ತಡೆದವರಿಗೆ ಕೊಡುವ ಹೊಸ ನಾಣ್ಯ. ನಡುವೆ ಇಂಗಾಲದ ಪರಮಾಣುವೇ ಬಂದು ತನ್ನ ಕತೆ ಹೇಳುತ್ತದೆ! ಕೆಲವು ಅಧ್ಯಾಯ ಸಭೆಯ ಟಿಪ್ಪಣಿ ಓದಿದ ಹಾಗೇ ಇವೆ. ಪಾತ್ರಗಳು ಹತ್ತಿರವಾಗುವಷ್ಟರಲ್ಲಿ ಮಾಯ.

ಆದರೆ ಅಂಟಾರ್ಕ್ಟಿಕಾದ ಭಾಗ ಓದುವಾಗ ನಿದ್ದೆಯೇ ಹಾರಿಹೋಯಿತು. ಹಿಮನದಿಯ ತಳದಲ್ಲಿ ಕರಗಿದ ನೀರು ಎಣ್ಣೆಯಂತೆ ಕೆಲಸ ಮಾಡಿ ಅದನ್ನು ಸಮುದ್ರದತ್ತ ಜಾರಿಸುತ್ತದೆ. ಆ ನೀರನ್ನು ಪಂಪ್ ಮಾಡಿ ಹೊರತೆಗೆದರೆ ಜಾರುವ ವೇಗ ಇಳಿಸಬಹುದಾ ಅಂತ ಕೆಲವರು ಪ್ರಯತ್ನಿಸುತ್ತಾರೆ. ಎಷ್ಟು ದೊಡ್ಡ ಕೆಲಸ, ಎಷ್ಟು ಹಠ ಅಲ್ವಾ?

ಹೆದರಿಸುವ ಪುಸ್ತಕಗಳು ಜಾಸ್ತಿ ಇವೆ. ಜನ ಕೂತು, ಜಗಳವಾಡಿ, ಕೊನೆಗೆ ಕೆಲಸಕ್ಕೆ ಇಳಿಯುವುದನ್ನು ಇಷ್ಟು ವಿವರವಾಗಿ ಬರೆದವರು ಕಡಿಮೆ. ಬ್ಯಾಂಕಿನ ಪುಟಗಳನ್ನು ಬೇಕಾದರೆ ಹಾರಿಸಿ. ಹಿಮನದಿಯ ಅಧ್ಯಾಯಗಳನ್ನು ಮಾತ್ರ ಬಿಡಬೇಡಿ.