ಸೊರಗಿದ ಗಿಡಕ್ಕೆ ಯಾವ ಗೊಬ್ಬರ ಹಾಕಬೇಕು?

ಮನೆಯೊಳಗೆ ಗಿಡ ಬೆಳೆಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಇದನ್ನೇ. ಬಹಳ ದಿನ ಗಮನ ಕೊಡೋಕೆ ಆಗಲಿಲ್ಲ, ಗಿಡ ಸೊರಗಿದೆ, ಎಲೆ ಹಳದಿಯಾಗಿ ಉದುರುತ್ತಿದೆ, ಯಾವ ಗೊಬ್ಬರ ಹಾಕಲಿ? ನಾನು ಹೇಳುವುದು ಇಷ್ಟೇ: ಸದ್ಯಕ್ಕೆ ಯಾವ ಗೊಬ್ಬರವೂ ಬೇಡ. ಗಿಡವನ್ನು ಪಾಟಿನಿಂದ ಹೊರಗೆ ತೆಗೆದು ಬೇರು ನೋಡಿ.

ಈ ಉತ್ತರದಿಂದ ಹೆಚ್ಚಿನವರಿಗೆ ಸಮಾಧಾನ ಆಗುವುದಿಲ್ಲ. ಬಳಲಿದ ಜೀವಕ್ಕೆ ಏನಾದರೂ ಕೊಡಬೇಕು ಅನ್ನಿಸುವುದು ಸಹಜ ಅಲ್ವಾ? ಆದರೆ ಅಂಗಡಿಯಲ್ಲಿ ಸಿಗುವ ಗೊಬ್ಬರದಲ್ಲಿ ಇರುವುದು ಬಹುಪಾಲು ಲವಣ. ಬೇರಿನ ಸುತ್ತ ಲವಣ ಜಾಸ್ತಿಯಾದಷ್ಟೂ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ತೀರಾ ಜಾಸ್ತಿಯಾದರೆ ಬೇರಿನೊಳಗಿದ್ದ ನೀರೂ ಹೊರಗೆ ಹೋಗುತ್ತದೆ. ಜ್ವರದಲ್ಲಿ ಮಲಗಿದವರಿಗೆ ಹೊಟ್ಟೆ ಬಿರಿಯುವಷ್ಟು ಬಡಿಸಿದ ಹಾಗೆ ಅದು. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ, ಎಲೆಯ ತುದಿಗಳು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ಲವಣ ಈಗಾಗಲೇ ಹೆಚ್ಚಾಗಿರುವ ಸಾಧ್ಯತೆ ಇದೆ.

ಗಿಡದಲ್ಲಿ ಜೀವ ಇದೆಯೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳಿ. ಕಾಂಡ ಗಟ್ಟಿಯಿರುವ ಗಿಡವಾದರೆ ತುದಿಯ ಹತ್ತಿರ ಉಗುರಿನಿಂದ ಸ್ವಲ್ಪ ಸಿಪ್ಪೆ ಕೆರೆಯಿರಿ. ಒಳಗೆ ಹಸಿರು, ಹಸಿಹಸಿ ಇದ್ದರೆ ಆ ಭಾಗ ಬದುಕಿದೆ. ಕಂದಾಗಿ ಒಣಗಿದ್ದರೆ ಇನ್ನಷ್ಟು ಕೆಳಗೆ ಕೆರೆಯಿರಿ. ಮೇಲೆಲ್ಲ ಕಡ್ಡಿಯಾಗಿದ್ದರೂ ಬುಡದ ಹತ್ತಿರ ಹಸಿರು ಸಿಗುವುದುಂಟು. ಅಷ್ಟು ಸಿಕ್ಕರೆ ಸಾಕು, ಮುಂದುವರಿಯಬಹುದು.

ಇನ್ನು ಬೇರಿನ ವಿಷಯ. ನನ್ನ ಪ್ರಕಾರ ಗಿಡ ಉಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ. ನೀರಿಲ್ಲದೆ ಒಣಗಿದ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಕೊಳೆತ ಗಿಡವೂ ಬಾಡುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಬೇರಿಗೂ ಉಸಿರಾಡಲು ಗಾಳಿ ಬೇಕು, ಮಣ್ಣಿನ ಕಣಗಳ ಸಂದಿನಲ್ಲಿ ಅದು ಸಿಗುತ್ತದೆ. ಆ ಸಂದುಗಳಲ್ಲಿ ಯಾವಾಗಲೂ ನೀರೇ ತುಂಬಿಕೊಂಡಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಬೇರು ಸತ್ತ ಮೇಲೆ ಪಾಟಿನಲ್ಲಿ ಎಷ್ಟು ನೀರಿದ್ದರೂ ಎಲೆಗೆ ತಲುಪುವುದಿಲ್ಲ. ಎಲೆ ಜೋತು ಬೀಳುತ್ತದೆ, ಮನೆಯವರು ಪಾಪ, ಬಾಯಾರಿದೆ ಅಂದುಕೊಂಡು ಇನ್ನೊಂದು ತಂಬಿಗೆ ಸುರಿಯುತ್ತಾರೆ. ಗಿಡ ಹೋಗುವುದು ಹೀಗೆ.

ಹಾಗಾಗಿ ಪಾಟನ್ನು ಓರೆ ಮಾಡಿ, ಬುಡಕ್ಕೆ ಕೈ ಕೊಟ್ಟು, ಮಣ್ಣಿನ ಗಡ್ಡೆ ಸಮೇತ ಮೆಲ್ಲಗೆ ಹೊರಗೆ ಜಾರಿಸಿ. ಒಳ್ಳೆಯ ಬೇರು ಹಿಡಿದರೆ ಗಟ್ಟಿಯಾಗಿರುತ್ತದೆ, ಸಾಮಾನ್ಯವಾಗಿ ಬಿಳಿ ಅಥವಾ ಕೆನೆ ಬಣ್ಣ. ಕೆಲವು ಗಿಡಗಳಲ್ಲಿ ಕಿತ್ತಳೆ ಬಣ್ಣವೂ ಸಹಜವೇ, ಬಣ್ಣ ನೋಡಿಯೇ ಹೆದರಬೇಡಿ. ಕೊಳೆತ ಬೇರು ಕಂದಾಗಿ ಇಲ್ಲವೇ ಕಪ್ಪಾಗಿ ಮೆತ್ತಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ವಾಸನೆಯೂ ಇರುತ್ತದೆ. ಅದನ್ನೆಲ್ಲ ಶುಚಿಯಾದ ಕತ್ತರಿಯಿಂದ ಗಟ್ಟಿ ಬೇರು ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಇಲ್ಲಿ ದಯೆ ತೋರಿಸಬೇಡಿ. ಹಳೆಯ ಮಣ್ಣನ್ನು ಉದುರಿಸಿ, ನೀರು ಸಲೀಸಾಗಿ ಬಸಿದು ಹೋಗುವ ಹೊಸ ಮಣ್ಣಿನಲ್ಲಿ ನೆಡಿ.

ಪಾಟ್ ದೊಡ್ಡದು ಬೇಡ. ಉಳಿದ ಬೇರು ಎಷ್ಟಿದೆಯೋ ಅದಕ್ಕೆ ತಕ್ಕದ್ದು ಸಾಕು, ಚಿಕ್ಕದಾದರೂ ಪರವಾಗಿಲ್ಲ. ಬೇರು ಮುಟ್ಟದ ಮಣ್ಣು ಬೇಗ ಆರುವುದಿಲ್ಲ, ಮತ್ತೆ ಕೊಳೆಯೋಕೆ ಅದೇ ದಾರಿ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂದು ಬಹಳ ಜನ ನಂಬುತ್ತಾರೆ. ಅದು ನಿಜವಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಅಂದರೆ ತೇವ ನಿಲ್ಲುವ ಜಾಗ ಬೇರಿಗೆ ಇನ್ನಷ್ಟು ಹತ್ತಿರ ಬಂದ ಹಾಗಾಯಿತು. ತಳದಲ್ಲಿ ತೂತು ಇರಲಿ, ಕಲ್ಲು ಬೇಡ.

ಬೇರು ಕೊಳೆತಿಲ್ಲ, ಮಣ್ಣಿನ ಗಡ್ಡೆ ಪೂರ್ತಿ ಒಣಗಿದೆ ಅಂದರೆ ಕೆಲಸ ಸುಲಭ. ಒಂದು ಎಚ್ಚರಿಕೆ ಮಾತ್ರ ಬೇಕು. ಪಾಟಿನ ಮಣ್ಣಿಗೆ ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿಯ ಪುಡಿ) ಬೆರೆಸಿದ್ದರೆ, ಚೆನ್ನಾಗಿ ಒಣಗಿದ ಮೇಲೆ ಆ ಮಿಶ್ರಣ ನೀರನ್ನು ಸುಲಭವಾಗಿ ಹೀರುವುದಿಲ್ಲ. ಮೇಲಿನಿಂದ ಹಾಕಿದ ನೀರು ಗಡ್ಡೆಗೂ ಪಾಟಿಗೂ ನಡುವಿನ ಸಂದಿನಲ್ಲಿ ಜಾರಿ ತಟ್ಟೆಗೆ ಬಂದುಬಿಡುತ್ತದೆ. ನೀರು ಕುಡಿಯಿತು ಅಂತ ನಾವು ತಿಳಿದುಕೊಳ್ಳುತ್ತೇವೆ, ಒಳಗೆ ನೋಡಿದರೆ ಬರೀ ಪುಡಿ. ಪಾಟನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಡಿ. ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ, ಪೂರ್ತಿ ಬಸಿಯಲು ಬಿಡಿ. ಪೀಸ್ ಲಿಲಿಯಂಥ ಗಿಡಗಳು ಇಷ್ಟಕ್ಕೇ ಕೆಲವು ಗಂಟೆಗಳಲ್ಲಿ ತಲೆ ಎತ್ತಿ ನಿಲ್ಲುತ್ತವೆ. ಅದನ್ನು ನೋಡುವುದೇ ಒಂದು ಖುಷಿ.

ಎಲೆಗಳ ಬಗ್ಗೆಯೂ ಕೇಳುತ್ತಾರೆ. ಪೂರ್ತಿ ಒಣಗಿದ್ದನ್ನು ತೆಗೆಯಿರಿ. ಅರ್ಧ ಹಸಿರಿದ್ದರೆ ಬಿಡಿ, ಅದು ಇನ್ನೂ ಗಿಡಕ್ಕೆ ಆಹಾರ ಮಾಡಿಕೊಡುತ್ತಿದೆ. ಹಳದಿಯಾದ ಎಲೆ ಸಾಮಾನ್ಯವಾಗಿ ಮತ್ತೆ ಹಸಿರಾಗುವುದಿಲ್ಲ, ಅದಕ್ಕಾಗಿ ಕಾಯಬೇಡಿ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಅಷ್ಟು ಗಾಬರಿಯೂ ಬೇಡ. ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ವಾಪಸ್ ತೆಗೆದುಕೊಂಡು ಹೊಸ ಚಿಗುರಿಗೆ ಕಳಿಸುತ್ತದೆ. ದೂಳು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಹಾಗೆಯೇ ಎಲೆಯ ಹಿಂಭಾಗದಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಇದೆಯಾ ನೋಡಿ.

ಬೆಳಕು ಬೇಕು ಅಂತ ಒಮ್ಮೆಲೇ ಬಿಸಿಲಿಗೆ ಇಡುವುದು ಮಾತ್ರ ದೊಡ್ಡ ತಪ್ಪು. ನೆರಳಲ್ಲಿ ಹುಟ್ಟಿದ ಎಲೆಗೆ ನೇರ ಬಿಸಿಲು ತಾಳುವ ಶಕ್ತಿ ಇರುವುದಿಲ್ಲ, ಸುಟ್ಟುಹೋಗುತ್ತದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಜಾಗ ಒಳ್ಳೆಯದು. ಬೇರು ಬಹಳ ಕತ್ತರಿಸಿದ್ದರೆ ಎಲೆಯಿಂದ ನೀರು ಆರುವುದನ್ನು ತಡೆಯಲು ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಬಹುದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಮುಚ್ಚಿದ ಗಾಜಿನ ಬಾಟಲಿಯ ಒದ್ದೆ ಮಣ್ಣಿನಲ್ಲಿ ಜರಿಗಿಡ ತಾನಾಗಿ ಬೆಳೆದದ್ದನ್ನು ಗಮನಿಸಿದ್ದರು. ಆರಿದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆಮೇಲೆ ಹಡಗಿನಲ್ಲಿ ತಿಂಗಳುಗಟ್ಟಲೆ ಗಿಡ ಸಾಗಿಸಿದ್ದು ಅಂಥದ್ದೇ ಗಾಜಿನ ಪೆಟ್ಟಿಗೆಗಳಲ್ಲಿ. ನಮ್ಮ ಪ್ಲಾಸ್ಟಿಕ್ ಕವರ್ ಮಾಡುವುದೂ ಅದೇ ಕೆಲಸ. ಬಿಸಿಲಿಗೆ ಮಾತ್ರ ಇಡಬೇಡಿ, ಒಳಗೆ ಬೆಂದುಹೋಗುತ್ತದೆ.

ಇಷ್ಟಾದ ಮೇಲೆ ಸುಮ್ನೆ ಇರಬೇಕು. ಎಲ್ಲಕ್ಕಿಂತ ಕಷ್ಟದ ಹಂತ ಇದೇ. ವಾರಗಟ್ಟಲೆ ಮೇಲೆ ಏನೂ ಕಾಣುವುದಿಲ್ಲ, ಯಾಕೆಂದರೆ ಗಿಡ ಮೊದಲು ಕೆಳಗೆ ಬೇರು ಕಟ್ಟಿಕೊಳ್ಳುತ್ತಿರುತ್ತದೆ. ಈ ಹೊತ್ತಲ್ಲಿ ಜಾಗ ಬದಲಿಸುವುದು, ಮತ್ತೆ ಕಿತ್ತು ನೋಡುವುದು ಬೇಡವೇ ಬೇಡ. ನೀರು ಹಾಕುವ ಮುಂಚೆ ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿ, ಇಲ್ಲವೇ ಪಾಟ್ ಎತ್ತಿ ಭಾರ ನೋಡಿ. ಎರಡು ಮೂರು ಹೊಸ ಎಲೆ ಪೂರ್ತಿ ಬಿಚ್ಚಿದ ಮೇಲೆ, ಪ್ಯಾಕೆಟ್ ಮೇಲೆ ಬರೆದ ಪ್ರಮಾಣದ ಅರ್ಧದಷ್ಟು ಗೊಬ್ಬರ ಕೊಡಬಹುದು.

ಎಲ್ಲವೂ ಉಳಿಯುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅರೆಕಾ ಥರದ ಪಾಮ್ ಗಿಡದಲ್ಲಿ ಒಂದೊಂದು ಕಾಂಡಕ್ಕೂ ಬೆಳೆಯುವ ಸುಳಿ ಒಂದೇ. ಸುಳಿ ಕೊಳೆತರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ. ಮನಿಪ್ಲಾಂಟ್ ಹಾಗಲ್ಲ. ಬೇರು ಪೂರ್ತಿ ಹೋಗಿ ಒಂದು ತುಂಡು ಹಸಿರು ಬಳ್ಳಿ ಉಳಿದಿದ್ದರೂ ಸಾಕು. ಗೆಣ್ಣಿನ, ಅಂದರೆ ಎಲೆ ಹುಟ್ಟುವ ಗಂಟಿನ, ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಗೆಣ್ಣಿಲ್ಲದ ಬರೀ ಎಲೆಯಿಂದ ಹೊಸ ಬಳ್ಳಿ ಬರುವುದಿಲ್ಲ. ವಾರಕ್ಕೊಮ್ಮೆ ನೀರು ಬದಲಿಸಿ, ಬೇರು ಒಂದೆರಡು ಇಂಚು ಬಂದ ಮೇಲೆ ಮಣ್ಣಿಗೆ ನೆಡಿ.